ಕುಟ್ಟಿ ನೋಡಿ ತಂದ ಟೈಪ್‌ರೈಟರ್

ವಿಜಯನಗರದ ಒಂದು ಲ್ಯಾಪ್‌ಟಾಪ್ ಅಂಗಡಿ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡಿದ್ದ ಮಾರಾಟಗಾರ ಒಂದು ಲ್ಯಾಪ್‌ಟಾಪನ್ನು ಮಡಚಿ, ಅದರ ಬೆನ್ನಿನ ಮೇಲೆ ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ಕುಟ್ಟಿದ. "ಸೌಂಡ್ ಕೇಳಿ ಸಾರ್. ಮಿಲಿಟರಿ ಗ್ರೇಡು. ಮೇಜಿನ ಮೇಲಿಂದ ಬಿದ್ರೂ ಏನೂ ಆಗಲ್ಲ."

ಲ್ಯಾಪ್‌ಟಾಪ್ ಬೇಕಾಗಿದ್ದದ್ದು ನನಗಲ್ಲ, ಪಕ್ಕದಲ್ಲಿ ನಿಂತಿದ್ದ ನನ್ನ ಅತ್ತಿಗೆಗೆ. ಆದರೆ ಸದ್ದು ಕೇಳಿಸಿದ್ದು ನನಗೆ. ಗಟ್ಟಿತನದ ವಿಷಯ ಬಂದರೆ ಗಂಡಸರ ಕಿವಿಗೆ ಹೇಳಬೇಕು ಎನ್ನುವುದು ಈ ಊರಿನಲ್ಲಿ ಇನ್ನೂ ಸವೆಯದ ನಂಬಿಕೆ. ಇಂಥ ಪ್ರಬಂಧಗಳಲ್ಲಿ ಈ ಹೊತ್ತಿಗೆ ಲೇಖಕನ ಕಣ್ಣು ಮಂಜಾಗಿ, ಎದೆಯೊಳಗೆ ಏನೋ ಅರಳಬೇಕು. ನನಗೆ ಹಲ್ಲು ಜುಮ್ಮೆಂದಿತು, ಅಷ್ಟೇ. ಆ ಟಕ್ ಟಕ್ ನಮ್ಮಪ್ಪನದು.

ಅಪ್ಪ ಕುಟ್ಟದೆ ಏನನ್ನೂ ಕೊಳ್ಳುತ್ತಿರಲಿಲ್ಲ. ತೆಂಗಿನಕಾಯಿ, ಹಲಸಿನಹಣ್ಣು, ಮಡಕೆ ಇವುಗಳನ್ನು ಲೋಕವೆಲ್ಲ ಕುಟ್ಟುತ್ತದೆ. ಅಪ್ಪ ಬೀರು ಕುಟ್ಟುತ್ತಿದ್ದರು, ಟ್ರಂಕು ಕುಟ್ಟುತ್ತಿದ್ದರು, ಸೈಕಲ್ಲಿನ ಮಡ್‌ಗಾರ್ಡು ಕುಟ್ಟುತ್ತಿದ್ದರು. ಅಣ್ಣನಿಗೆ ಹೆಣ್ಣು ನೋಡಲು ಹೋದಾಗ ಹೆಣ್ಣಿನ ಮನೆಯ ಗೋಡೆ ಕುಟ್ಟಿ ನೋಡಿದರು ಎಂದು ಅಣ್ಣ ಹೇಳುತ್ತಾನೆ. ನಾನೂ ಆ ದಿನ ಅಲ್ಲೇ ಉಪ್ಪಿಟ್ಟು ತಿನ್ನುತ್ತ ಕೂತಿದ್ದೆ. ಅಂಥದ್ದೇನೂ ನೋಡಿದ ನೆನಪಿಲ್ಲ. ಆದರೂ ಕಥೆ ಚೆನ್ನಾಗಿದೆಯಲ್ಲ ಎಂದು ನಾನೂ ಹತ್ತಾರು ಕಡೆ ಹೇಳಿಕೊಂಡು ಬಂದಿದ್ದೇನೆ. ಈ ಬರಹದ ಉಳಿದ ಭಾಗವನ್ನೂ ನೀವು ಇದೇ ಎಚ್ಚರದಲ್ಲಿ ಓದುವುದು ಒಳ್ಳೆಯದು.

ಎಂಬತ್ತರ ದಶಕದ ನಡುವಿನ ಯಾವುದೋ ವರ್ಷ. ಬಸವೇಶ್ವರನಗರದಲ್ಲಿ ನಮ್ಮ ಮನೆ. ಅಪ್ಪ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾಗಿದ್ದರು. ನಿವೃತ್ತಿಯಾದದ್ದು ಕಾರ್ಖಾನೆಯಿಂದ ಮಾತ್ರ. ಫೋರ್‌ಮನ್‌ಗಿರಿ ಮನೆಯಲ್ಲಿ ಮುಂದುವರಿದಿತ್ತು. ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಅಣ್ಣ ಬ್ಯಾಂಕಿನಲ್ಲಿ, ನಾನು ಒಂದು ವಿಮಾ ಕಚೇರಿಯಲ್ಲಿ. ಮೂವರು ಗಂಡಸರ ಆ ಮನೆಗೆ ವಿಮಲತ್ತಿಗೆ ಬಂದ ಮರುದಿನದಿಂದಲೇ ಅಡುಗೆ, ಪೂಜೆ, ಹಾಲಿನವನು, ಸೀಮೆಎಣ್ಣೆ ಕ್ಯೂ ಎಲ್ಲವೂ ಅವರ ತಲೆಗೆ ತಾವಾಗಿಯೇ ಹೋಗಿ ಕೂತವು. ನಾವು ಯಾರೂ ಹೊರಿಸಲಿಲ್ಲ. ನಾವು ಸುಮ್ಮನೆ ಕೆಳಗಿಟ್ಟೆವು.

ನಮ್ಮ ಮನೆಯಲ್ಲಿ ವಸ್ತುಗಳನ್ನು ಬಳಸುವುದಕ್ಕೆಂದು ತರುತ್ತಿರಲಿಲ್ಲ, ಬಾಳಿಕೆ ಬರಲಿ ಎಂದು ತರುತ್ತಿದ್ದೆವು. ಇವು ಎರಡೂ ಬೇರೆ ಬೇರೆ ಉದ್ಯೋಗಗಳು. ಸೋಫಾ ಇತ್ತು, ಅದರ ಮೇಲೆ ಟವೆಲ್, ಟವೆಲ್ ಕೊಳೆಯಾಗದಿರಲೆಂದು ನಾವು ನೆಲದ ಮೇಲೆ. ಪಿಂಗಾಣಿ ಬಟ್ಟಲುಗಳು ಷೋಕೇಸಿನ ಗಾಜಿನ ಹಿಂದಿನಿಂದ ನಮ್ಮನ್ನು ನೋಡುತ್ತಿದ್ದವು. ಯಾರಾದರೂ "ನಿಮ್ಮ ಮಿಕ್ಸಿ ಎಷ್ಟು ವರ್ಷದ್ದು?" ಎಂದು ಕೇಳಿದರೆ ಅಪ್ಪ ಎದೆಯುಬ್ಬಿಸಿ, "ಹೊಸದರ ಹಾಗಿಲ್ವಾ? ರುಬ್ಬೋಕಲ್ಲು ಇರುವಾಗ ಅದನ್ನ ಯಾಕೆ ಸವೆಸೋದು?" ಎನ್ನುತ್ತಿದ್ದರು. ರುಬ್ಬುವವರು ಅಡುಗೆಮನೆಯಲ್ಲಿದ್ದರು. ಅವರು ಸವೆಯುತ್ತಾರೆಂದು ಯಾರೂ ಲೆಕ್ಕ ಹಾಕಿರಲಿಲ್ಲ.

ಅತ್ತಿಗೆಗೆ ಟೈಪಿಂಗ್ ಬರುತ್ತಿತ್ತು. ಸುಮ್ಮನೆ ಬರುತ್ತಿದ್ದದ್ದಲ್ಲ, ರಾಜಾಜಿನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು, ಕನ್ನಡ ಇಂಗ್ಲಿಷ್ ಎರಡರಲ್ಲೂ ಪರೀಕ್ಷೆ ಪಾಸು ಮಾಡಿ, ಮದುವೆಗೆ ಮೊದಲು ಒಂದು ಕಚೇರಿಯಲ್ಲಿ ಕೆಲಸಕ್ಕೂ ಹೋಗುತ್ತಿದ್ದವರು. ಆ ವರ್ಷ ದಸರೆಗೆ ಕೆಲವು ವಾರ ಮುಂಚೆ ಅವರ ಹಳೆಯ ಪರಿಚಯದ ವಕೀಲರೊಬ್ಬರು ಹೇಳಿ ಕಳಿಸಿದರು. ವಿಜಯನಗರದಲ್ಲಿ ಅವರ ಆಫೀಸು. ದಸರಾ ರಜೆ ಮುಗಿದು ಕೋರ್ಟು ತೆರೆಯುವ ಹೊತ್ತಿಗೆ ಕನ್ನಡ ಟೈಪಿಸ್ಟ್ ಬೇಕೇ ಬೇಕು. ಆಫೀಸಿಗೆ ಬಂದರೂ ಸರಿ, ಮನೆಯಲ್ಲಿ ಮೆಷಿನ್ ಇದ್ದರೆ ಅಲ್ಲೇ ಮಾಡಿಕೊಟ್ಟರೂ ಸರಿ. ಅಷ್ಟರೊಳಗೆ ಆಗದಿದ್ದರೆ ಬೇರೆಯವರಿದ್ದಾರೆ.

"ಆಫೀಸಿಗೇ ಹೋಗ್ಬರ್ತೀನಿ ಮಾವ," ಎಂದರು ಅತ್ತಿಗೆ, ಅಪ್ಪನ ಮುಂದೆ ಕಾಫಿ ಇಡುತ್ತ. "ಬೆಳಿಗ್ಗೆ ಅಡುಗೆ ಮುಗಿಸಿಟ್ಟೇ ಹೋಗ್ತೀನಿ. ಬಸ್ಸೂ ಇದೆ."

"ಬಸ್ಸಲ್ಲಿ ನೂಕಾಡ್ಕೊಂಡು ಯಾಕಮ್ಮ ಕಷ್ಟ? ಮೆಷಿನ್ನೇ ಮನೆಗೆ ತಂದ್ಬಿಡೋಣ."

"ನಂಗೇನೂ ಕಷ್ಟ ಇಲ್ಲ ಮಾವ."

"ನಿಂಗೆ ಗೊತ್ತಾಗಲ್ಲ."

ಅತ್ತಿಗೆಗೆ ಆಗುವ ಕಷ್ಟ ಅತ್ತಿಗೆಗೇ ಗೊತ್ತಾಗುವುದಿಲ್ಲ ಎಂಬುದನ್ನು ಕಂಡುಹಿಡಿಯುವಷ್ಟು ಕಾಳಜಿ ನಮ್ಮ ಮನೆಯಲ್ಲಿತ್ತು. ಅಣ್ಣ ಪೇಪರಿನ ಹಿಂದಿನಿಂದ, "ಅಪ್ಪ ಹೇಳೋದೂ ಸರಿ ಕಣೇ," ಎಂದ. ಪೇಪರನ್ನು ಅವನು ಎಂದೂ ಇಷ್ಟು ಆಸಕ್ತಿಯಿಂದ ಓದಿದ್ದನ್ನು ನಾನು ನೋಡಿರಲಿಲ್ಲ.

ಅಂದು ಸಂಜೆ ಹಿತ್ತಿಲ ಬಾಗಿಲಲ್ಲಿ ಹುರುಳಿಕಾಯಿ ಸೋಸುತ್ತ ಅತ್ತಿಗೆ ನನಗೆ ಹೇಳಿದರು: "ನಂಗೆ ಟೈಪಿಂಗ್ ಮೇಲೇನೂ ಅಷ್ಟು ಮೋಹ ಇಲ್ಲ ಕಣೋ. ಬೆಳಿಗ್ಗೆ ಎದ್ದು, ಸೀರೆ ಉಟ್ಟು, ಚಪ್ಪಲಿ ಮೆಟ್ಕೊಂಡು ಎಲ್ಲಿಗಾದ್ರೂ ಹೋಗ್ಬೇಕು. ಮದುವೆ ಆದಾಗಿಂದ ಈ ಕಿಟಕಿ, ಆ ಎದುರುಮನೆ ಕಿಟಕಿ. ಇಷ್ಟೇ ನೋಡ್ತಿದೀನಿ."

ನಾನು ಆಗ ಹೊಸ ಬಗೆಯ ಪದ್ಯಗಳನ್ನು ಬರೆಯುತ್ತಿದ್ದೆ. ನನಗೇ ಅರ್ಥವಾಗದಂತೆ ಬರೆಯುವುದರಲ್ಲಿ ಸಾಕಷ್ಟು ಮುಂದೆ ಹೋಗಿದ್ದೆ. ಆದ್ದರಿಂದ ಗಂಭೀರನಾಗಿ, "ಕಿಟಕಿ ಅನ್ನೋದು ಒಳಗಿನ ಶೂನ್ಯದ ಚೌಕಟ್ಟು ಅತ್ತಿಗೆ," ಎಂದೆ.

"ಮೊದ್ಲು ಆ ನಾರು ತೆಗಿ," ಎಂದರು.

ಮುಂದಿನ ಭಾನುವಾರ ರಾಜಾಜಿನಗರದ ಹಳೆಯ ಟೈಪ್‌ರೈಟರುಗಳ ಅಂಗಡಿಗೆ ನಾವು ಮೂವರು ಗಂಡಸರು ಹೋದೆವು. ಟೈಪಿಂಗ್ ಬರುತ್ತಿದ್ದವರು ಮನೆಯಲ್ಲಿ ನಮಗಾಗಿ ಅನ್ನಕ್ಕಿಟ್ಟಿದ್ದರು. ಹೊರಡುವಾಗ ಅವರು ಬಾಗಿಲವರೆಗೆ ಬಂದು, "ತರೋದೇ ಆದ್ರೆ ಪೆಟ್ಟಿಗೇಲಿ ಇಟ್ಕೊಂಡು ಓಡಾಡೋ ಸಣ್ಣದು ತನ್ನಿ," ಎಂದಿದ್ದರು. ಅಪ್ಪ ನಕ್ಕರು. ಅಣ್ಣ ನಕ್ಕ. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ನಗಲಿಲ್ಲ ಎಂದು ಬರೆಯಲು ಕೈ ಬರುತ್ತಿದೆ, ಅದಕ್ಕೇ ಅನುಮಾನ.

ಅಂಗಡಿಯಲ್ಲಿ ಅಪ್ಪ ಸಣ್ಣ ಮೆಷಿನ್ನುಗಳ ಕಡೆ ತಿರುಗಿಯೂ ನೋಡಲಿಲ್ಲ. ಒಂದೊಂದೇ ದೊಡ್ಡ ಮೆಷಿನ್ನಿನ ಪಕ್ಕೆಗೆ ಟಕ್ ಟಕ್ ಎಂದು ಕುಟ್ಟುತ್ತ, ತಲೆ ವಾಲಿಸಿ ಕೇಳುತ್ತ, ಕೊನೆಗೆ ಮೂಲೆಯಲ್ಲಿದ್ದ ಒಂದರ ಮುಂದೆ ನಿಂತರು. ಕಬ್ಬಿಣದ ಎಮ್ಮೆ. ಅಗಲವಾದ ಹಾಳೆಯೂ ಹಿಡಿಸುವಂತೆ ಅದರ ಉರುಳೆ ಎರಡೂ ಕಡೆ ಕೊಂಬಿನ ಹಾಗೆ ಚಾಚಿಕೊಂಡಿತ್ತು.

"ಒಳ್ಳೇ ಕಣ್ಣು ಸಾರ್ ನಿಮ್ದು," ಎಂದರು ಅಂಗಡಿಯವರು. "ಸರ್ಕಾರಿ ಹರಾಜಲ್ಲಿ ಬಂದಿರೋ ಮಾಲು. ವರ್ಷಾನುಗಟ್ಲೆ ಆಫೀಸಲ್ಲಿತ್ತು. ಒಬ್ರೂ ಮುಟ್ಟಿಲ್ಲ ಸಾರ್, ಪ್ರಾಮಿಸ್ಸು."

"ಬಿದ್ರೆ?"

"ಇದು ಬಿದ್ರೆ ನೆಲಕ್ಕೆ ಡ್ಯಾಮೇಜು ಸಾರ್, ಇದಕ್ಕಲ್ಲ."

ಅಪ್ಪನ ಮುಖದಲ್ಲಿ ಆನಂದ. ಸ್ಕೂಟರಿಗಾಗಿ ಹೆಸರು ಬರೆಸಿ ಕಾದು ಕಾದು ಪಡೆದಿದ್ದ ಅಣ್ಣ ಅದೇ ಅನುಭವದ ಮೇಲೆ, "ಸರ್ವಿಸ್ ಯಾವಾಗ್ಯಾವಾಗ ಮಾಡಿಸ್ಬೇಕು? ಸ್ಪೇರ್ ಪಾರ್ಟ್ ಸಿಗತ್ತಾ?" ಎಂದು ಕೇಳಿದ. ನಾನು ನನ್ನ ಹೆಸರು ಟೈಪ್ ಮಾಡಿ, ಅಚ್ಚಾದ ನನ್ನ ಹೆಸರು ಹೇಗೆ ಕಾಣುತ್ತದೆಂದು ಬಹಳ ಹೊತ್ತು ನೋಡಿದೆ. ಕೀಲಿಗಳು ಬೆರಳಿಗೆ ಹಗುರವೋ ಭಾರವೋ, ದಿನವಿಡೀ ಹೊಡೆದರೆ ಮಣಿಕಟ್ಟು ಏನಾದೀತು ಎಂದು ಮೂವರಲ್ಲಿ ಯಾರೂ ಕೇಳಲಿಲ್ಲ. ಅದು ಬಳಸುವವರ ಪ್ರಶ್ನೆ.

"ಜೀವಮಾನ ಪೂರ್ತಿ ಬರತ್ತೆ ನೋಡು," ಎಂದರು ಅಪ್ಪ, ತಳ್ಳುಗಾಡಿಯ ಹಿಂದೆ ನಡೆಯುತ್ತ. "ವಿಮಲಾ ಇನ್ನು ಯಾವ ಕಾಲಕ್ಕೂ ಹೊಸಿಲು ದಾಟೋ ಅಗತ್ಯ ಇಲ್ಲ." ಜೀವಾವಧಿ ಶಿಕ್ಷೆಯನ್ನು ಇಷ್ಟು ಸಂತೋಷದಿಂದ ಕೊಟ್ಟವರನ್ನು ನಾನು ಮತ್ತೆ ನೋಡಿಲ್ಲ.

ಮನೆಯ ಮೇಜು ಆ ಭಾರಕ್ಕೆ ಕಿರುಗುಟ್ಟಿತು. ಅಪ್ಪ ಕಾರ್ಖಾನೆಯ ಹಳೆಯ ಸ್ನೇಹಿತರಿಗೆ ಹೇಳಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದರು. ಮೆಷಿನ್ನನ್ನು ಸ್ಟ್ಯಾಂಡಿಗೆ ಬೋಲ್ಟ್ ಹಾಕಿ ಬಿಗಿದರು. ಸ್ಟ್ಯಾಂಡನ್ನು ನೆಲಕ್ಕೆ ಸಿಮೆಂಟ್ ಹಾಕಿ ಕೂರಿಸಿದರು. ಕಳ್ಳ ಬಂದರೆ ಎಂಬುದು ಅವರ ವಾದ. ನಾವು ಮೂವರೂ ಸೇರಿ ಎತ್ತಲಾಗದ್ದನ್ನು ಕದಿಯಬಲ್ಲ ಕಳ್ಳ ಬಂದರೆ ಅವನನ್ನು ಹಿಡಿಯುವುದಕ್ಕಿಂತ ಅವನಿಗೆ ಮನೆಯ ಮಹಡಿ ಕಟ್ಟುವ ಕೆಲಸ ಕೊಡಬಹುದಿತ್ತು. ಅದರ ಮೇಲೆ ರೆಕ್ಸಿನ್ ಹೊದಿಕೆ, ರೆಕ್ಸಿನ್ ಹಾಳಾಗದಿರಲೆಂದು ಹಳೆಯ ದುಪ್ಪಟಿ, ದುಪ್ಪಟಿ ಚೆನ್ನಾಗಿ ಕಾಣುವುದಿಲ್ಲವೆಂದು ಕಸೂತಿ ಬಟ್ಟೆ. ಕಿಟಕಿಯ ಎದುರಿಗೇ ಇತ್ತು, ಎದುರುಮನೆಯ ಕಿಟಕಿ ಚೆನ್ನಾಗಿ ಕಾಣುವ ಹಾಗೆ.

ಅತ್ತಿಗೆ ಅದರ ಮುಂದೆ ಕೂತು ಕೈ ಪಳಗಿಸಿಕೊಳ್ಳಲು ಶುರುಮಾಡಿದರೆ ಅಪ್ಪ ಹಿಂದೆ ಬಂದು ನಿಲ್ಲುತ್ತಿದ್ದರು. ಒಂದೊಂದು ಅಕ್ಷರ ಹಾಳೆಗೆ ಬಡಿದಾಗಲೂ ತಮಗೇ ಏಟು ಬಿದ್ದಂತೆ ಮುಖ ಕಿವುಚುತ್ತಿದ್ದರು.

"ಅಷ್ಟು ಜೋರಾಗಿ ಹೊಡೀಬೇಡಮ್ಮ. ಅಕ್ಷರ ಸವೆಯತ್ತೆ."

"ಮೆಲ್ಲಗೆ ಒತ್ತಿದ್ರೆ ಅಚ್ಚೇ ಬೀಳಲ್ಲ ಮಾವ."

"ಅಚ್ಚು ಸ್ವಲ್ಪ ತಿಳಿಯಾಗಿ ಬಂದ್ರೇನು? ವಕೀಲ್ರು ಕನ್ನಡಕ ಹಾಕ್ತಾರಲ್ಲ."

ಅತ್ತಿಗೆ ತಿರುಗಿ ನನ್ನ ಕಡೆ ನೋಡಿದರು. ಆ ನೋಟವನ್ನು ಅಂದು ನಾನು ಪದ್ಯವೊಂದರಲ್ಲಿ ಬಳಸಿಕೊಂಡೆ. ಅದಕ್ಕಿಂತ ಹೆಚ್ಚಿನದೇನನ್ನೂ ಮಾಡಲಿಲ್ಲ.

ಆಯುಧಪೂಜೆ ಬಂತು. ಅವತ್ತು ನಮ್ಮ ಬೀದಿಯಲ್ಲಿ ಕುಂಕುಮ ಬೀಳದ ಕಬ್ಬಿಣ ಇರುವುದಿಲ್ಲ. ಸ್ಕೂಟರು, ಹೊಲಿಗೆ ಮೆಷಿನ್, ಈಳಿಗೆಮಣೆ, ಕತ್ತರಿ, ಸೈಕಲ್ ಪಂಪು ಎಲ್ಲಕ್ಕೂ ವಿಭೂತಿ, ಎಲ್ಲಕ್ಕೂ ಹೂವು. ಮನೆಯ ಹೊಸ ಆಯುಧಕ್ಕೆ ವಿಶೇಷ ಮರ್ಯಾದೆ. ಅಪ್ಪ ಸ್ನಾನ ಮಾಡಿ, ಮೂರೂ ಹೊದಿಕೆ ತೆಗೆಸಿ, ಉರುಳೆಯ ಉದ್ದಕ್ಕೂ ವಿಭೂತಿ ಎಳೆದರು. ಕೊಂಬುಗಳಿಗೆ ಸೇವಂತಿಗೆ ಹಾರ. ಒಂದೊಂದು ಕೀಲಿಗೂ ಅರಿಸಿನ, ಕುಂಕುಮ. ಕುಂಕುಮ ಕೀಲಿಗಳ ಸಂದಿನಲ್ಲಿ ಕೆಳಗಿಳಿಯುತ್ತಿತ್ತು. ಅಣ್ಣ, "ಅಪ್ಪ, ಸಾಕು, ಒಳಗೆ ಹೋಗ್ತಿದೆ," ಎಂದ. "ದೇವ್ರ ಕುಂಕುಮ ಕಣೋ, ಒಳಗೆ ಹೋದ್ರೆ ಒಳ್ಳೇದೇ," ಎಂದರು ಅಪ್ಪ. ಪೂಜೆಗಿಟ್ಟದ್ದನ್ನು ಮರುದಿನ ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಅತ್ತಿಗೆ ದೀಪ ಹಚ್ಚಿ, ನೈವೇದ್ಯ ಇಟ್ಟು, ಎಲ್ಲರಿಗೂ ಬಡಿಸಿ, ಆ ಕೋಣೆಯ ಬಾಗಿಲು ಮುಂದೆ ಮಾಡಿದರು.

ವಿಜಯದಶಮಿಯ ಬೆಳಿಗ್ಗೆ ಒಳ್ಳೆಯ ಮುಹೂರ್ತ ನೋಡಿ ಅತ್ತಿಗೆಯನ್ನು ಮೆಷಿನ್ನಿನ ಮುಂದೆ ಕೂರಿಸಿದೆವು. ಅವರು ಹಾಳೆ ಏರಿಸಿ 'ಶ್ರೀ' ಒತ್ತಿದರು. ಅಕ್ಷರದ ಕಡ್ಡಿ ಅರ್ಧದವರೆಗೆ ಎದ್ದು ಅಲ್ಲೇ ನಿಂತಿತು, ಬಸ್ಸಿಗೆ ಕೈ ಅಡ್ಡ ಹಿಡಿದವರ ಹಾಗೆ. ಇನ್ನೊಂದು ಒತ್ತಿದರು. ಅದೂ ಎದ್ದು ಮೊದಲಿನದಕ್ಕೆ ಅಂಟಿಕೊಂಡಿತು. ಒಂದೊಂದಾಗಿ ಕಡ್ಡಿಗಳೆಲ್ಲ ಎದ್ದು, ಒಂದನ್ನೊಂದು ಹಿಡಿದುಕೊಂಡು, ಕೆಂಪಾಗಿ ನಿಂತವು. ಎಲ್ಲಿಂದಲೋ ಸಾಲುಗಟ್ಟಿ ಬಂದ ಇರುವೆಗಳು ಸ್ಟ್ಯಾಂಡಿನ ಕಾಲು ಹತ್ತುತ್ತಿದ್ದವು. ಅಪ್ಪ ಅದನ್ನು ಶುಭಸೂಚನೆ ಎಂದರು.

ಆಮೇಲೆ ಬಗ್ಗಿ, ಪಕ್ಕೆಗೆ ಕುಟ್ಟಿ, ಕಿವಿಗೊಟ್ಟು ಕೇಳಿ, ತೀರ್ಪು ಕೊಟ್ಟರು: "ಕೆಟ್ಟಿಲ್ಲ ಕಣಮ್ಮ. ಓಡ್ತಾ ಇಲ್ಲ ಅಷ್ಟೇ."

ಅಂಗಡಿಯವರು ಕಳಿಸಿದ ರಿಪೇರಿಯವನು ಬಂದು ನೋಡಿ, ಪೂರ್ತಿ ಬಿಚ್ಚಬೇಕು, ಅಂಗಡಿಗೇ ಒಯ್ಯಬೇಕು ಎಂದ. ನೆಲಕ್ಕೆ ಹಾಕಿದ ಸಿಮೆಂಟ್ ನೋಡಿ, "ಇದೇನ್ ಸಾರ್, ಮೆಷಿನ್ ಕೂರಿಸಿದ್ದೀರೋ, ಸಮಾಧಿ ಕಟ್ಟಿದ್ದೀರೋ?" ಎಂದ. ಅಣ್ಣ ಒಡೆಸೋಣವೇ ಎಂಬಂತೆ ಅಪ್ಪನ ಕಡೆ ನೋಡಿದ. ಆಗ ಮಾತಾಡಿದವರು ಅತ್ತಿಗೆ.

"ಪೂಜೆ ಆಗಿರೋ ಮೆಷಿನ್ನು ಮಾವ. ಯಾರ್ಯಾರೋ ಹಾರೆ ಹಾಕಿ ಮೀಟೋದು, ಬೀದೀಲಿ ತಗೊಂಡ್ಹೋಗೋದು... ಮನಸ್ಸಿಗೆ ಸಮಾಧಾನ ಆಗಲ್ಲ. ಮುಂದೆ ಒಳ್ಳೇ ದಿನ ನೋಡಿ ಮಾಡ್ಸಿದ್ರಾಯ್ತು." ಜೊತೆಗೇ ಸೇರಿಸಿದರು: "ಅಲ್ಲೀವರೆಗೆ ನಾನೇ ಆಫೀಸಿಗೆ ಹೋಗ್ಬರ್ತೀನಿ. ಕೋರ್ಟು ಸೋಮವಾರ ತೆಗೆಯತ್ತೆ. ಮಾತು ಕೊಟ್ಟಾಗಿದೆಯಲ್ಲ?"

ಭಕ್ತಿ, ಮರ್ಯಾದೆ, ಕೊಟ್ಟ ಮಾತು. ಅಪ್ಪನ ಕೈಯಲ್ಲಿದ್ದ ಸಲಕರಣೆಗಳನ್ನೆಲ್ಲ ಅತ್ತಿಗೆ ಒಂದೇ ಸಲ ಎತ್ತಿಕೊಂಡಿದ್ದರು. ಅಪ್ಪ, "ಮೆಷಿನ್ ಸರಿಹೋಗೋ ತನಕ ಮಾತ್ರ," ಎಂದರು.

"ಅಷ್ಟೇ ಮಾವ," ಎಂದರು ಅತ್ತಿಗೆ.

ಸೋಮವಾರ ಅವರು ಹೊರಟದ್ದು ನನಗೆ ಚೆನ್ನಾಗಿ ನೆನಪಿದೆ: ನೀಲಿ ಸೀರೆ, ಕೈಯಲ್ಲಿ ಕೊಡೆ, ಬೀದಿಯ ತಿರುವಿನಲ್ಲಿ ಒಮ್ಮೆಯೂ ಹಿಂದೆ ನೋಡದ ನಡಿಗೆ. ಸೀರೆ ಹಸಿರು ಎಂದು ಅಣ್ಣ ಹೇಳುತ್ತಾನೆ. ಆ ಹೊತ್ತಿಗೆ ನಾನು ಕಚೇರಿಯಲ್ಲಿ ಇರಬೇಕಿತ್ತು, ಹೇಗೆ ನೋಡಿದೆ ಎಂದೂ ಕೇಳುತ್ತಾನೆ. ಕೇಳಲಿ.

ಮೆಷಿನ್ ಸರಿಹೋಗಲು ಒಳ್ಳೆಯ ದಿನ ಬರಲೇ ಇಲ್ಲ. ಕಾರ್ತಿಕದಲ್ಲಿ ಬೇಡ, ಧನುರ್ಮಾಸದಲ್ಲಿ ಯಾರಾದರೂ ಮಾಡಿಸುತ್ತಾರೆಯೇ, ಆಷಾಢದ ಮಾತೇ ಎತ್ತಬೇಡಿ. ಪಂಚಾಂಗವನ್ನು ಅತ್ತಿಗೆ ಅಷ್ಟು ಶ್ರದ್ಧೆಯಿಂದ ಓದುವುದನ್ನು ಕಂಡು ಅಪ್ಪನಿಗೆ ಹೆಮ್ಮೆಯಾಗುತ್ತಿತ್ತು. ಅಣ್ಣ ಅನ್ನಕ್ಕೆ ಇಡುವುದನ್ನು ಕಲಿತ. ನಾನು ಸಾರು ಕಲಿತೆ. ಅದು ಸಾರು ಎಂದು ತಿನ್ನುವವರಿಗೆ ಮೊದಲೇ ಹೇಳಬೇಕಾಗಿತ್ತು. ಅಪ್ಪ ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಷೋಕೇಸಿನ ಪಿಂಗಾಣಿ ಬಟ್ಟಲಿನಲ್ಲಿ ಮಜ್ಜಿಗೆ ಕುಡಿಯುತ್ತಿದ್ದದ್ದನ್ನು ನಾನು ನೋಡಿದೆ. ಸ್ಟೀಲಿನ ಲೋಟಗಳೆಲ್ಲ ತೊಳೆಯದೆ ಬಿದ್ದಿದ್ದವು. ನಾನು ನೋಡಿಲ್ಲವೆಂದು ಅವರೂ, ಅವರು ನೋಡಿಲ್ಲವೆಂದು ನಾನೂ ಅಂದುಕೊಂಡೆವು.

ಟೈಪ್‌ರೈಟರ್ ಮಾತ್ರ ಅಪ್ಪ ಹೇಳಿದಂತೆಯೇ ಬಾಳಿತು. ಒಂದು ಅಕ್ಷರವೂ ಸವೆಯಲಿಲ್ಲ. ಅದರ ಮೇಲೆ ಮೊದಲು ಹೂದಾನಿ, ಆಮೇಲೆ ರೇಡಿಯೋ, ಆಮೇಲೆ ಇಸ್ತ್ರಿಗೆ ಕೊಡುವ ಬಟ್ಟೆಯ ಗಂಟು. ಬಂದವರಿಗೆಲ್ಲ ಅಪ್ಪ ಹೊದಿಕೆ ಸರಿಸಿ, ಕುಟ್ಟಿ ತೋರಿಸಿ, "ಈಗಿನ ಕಾಲದಲ್ಲಿ ಇಂಥ ಮಾಲು ಎಲ್ಲಿ ಬರತ್ತೆ?" ಎನ್ನುತ್ತಿದ್ದರು. ಆಗ ಅತ್ತಿಗೆ ವಿಜಯನಗರದಲ್ಲಿ, ಕಾಲು ಅಲ್ಲಾಡುವ ಮೇಜಿನ ಮೇಲೆ, ರಿಬ್ಬನ್ ಸಡಿಲವಾದ ಹಳೆಯ ಮೆಷಿನ್ನಿನಲ್ಲಿ ಅರ್ಜಿ, ಕರಾರು, ತಕರಾರುಗಳನ್ನು ಟಪಟಪ ಹೊಡೆಯುತ್ತಿದ್ದರು.

ಈ ಕಥೆಯನ್ನು ನಾನು ವರ್ಷಗಟ್ಟಲೆ ಹೀಗೆಯೇ ಹೇಳಿದ್ದೇನೆ: ಸೊಸೆ ಹೊರಗೆ ಹೋಗಬಾರದೆಂದು ಮಾವ ಗಟ್ಟಿ ಮೆಷಿನ್ ತಂದರು, ಮಾವನ ಕುಂಕುಮವೇ ಮೆಷಿನ್ನನ್ನು ನಿಲ್ಲಿಸಿ ಸೊಸೆಯನ್ನು ಹೊರಗೆ ಕಳಿಸಿತು. ಕೇಳಿದವರು ನಗುತ್ತಾರೆ, ತಲೆದೂಗುತ್ತಾರೆ. ಎಲ್ಲೂ ಹೊಲಿಗೆ ಕಾಣದ ಕಥೆ. ಅದೇ ಅದರ ಮೇಲಿನ ನನ್ನ ಗುಮಾನಿ. ನಡೆದದ್ದು ಇಷ್ಟು ಚೆನ್ನಾಗಿ ನಡೆದಿರುವುದಿಲ್ಲ. ಯಾರೋ ಕೂತು ಹೊಲಿದಿರುತ್ತಾರೆ. ಆ ದರ್ಜಿ ನಾನೇ ಎಂದುಕೊಂಡಿದ್ದೆ.

ಆದ್ದರಿಂದ ಮೊನ್ನೆ ಲ್ಯಾಪ್‌ಟಾಪ್ ಅಂಗಡಿಯಲ್ಲಿ, ಮಾರಾಟಗಾರ ಇನ್ನೊಂದು ಪೆಟ್ಟಿಗೆ ತರಲು ಒಳಗೆ ಹೋದಾಗ, ಕೇಳಿಯೇಬಿಟ್ಟೆ. "ಅತ್ತಿಗೆ, ಅವತ್ತು ಅಪ್ಪನ ಕುಂಕುಮ ಬೀಳ್ದೇ ಇದ್ದಿದ್ರೆ ನೀವು ಮನೇಲೇ ಕೂತು ಟೈಪ್ ಮಾಡ್ತಿದ್ರಲ್ವಾ?"

ಅತ್ತಿಗೆ ಪ್ರದರ್ಶನಕ್ಕಿಟ್ಟ ಲ್ಯಾಪ್‌ಟಾಪೊಂದರ ಕೀಲಿಗಳನ್ನು ಸುಮ್ಮನೆ ಒತ್ತಿ ನೋಡುತ್ತಿದ್ದರು. ಬೆರಳು ನಿಲ್ಲಿಸದೆಯೇ, "ಕುಂಕುಮಕ್ಕೆ ಯಾವ ಮೆಷಿನ್ ನಿಂತ್ಹೋಗತ್ತೋ?" ಎಂದರು. "ಇನ್‌ಸ್ಟಿಟ್ಯೂಟಲ್ಲಿ ಪ್ರತಿ ವರ್ಷ ಎಲ್ಲಾ ಮೆಷಿನ್ನಿಗೂ ಸುರೀತಿದ್ರು. ಬ್ರಶ್ಶಲ್ಲಿ ಉಜ್ಜಿದ್ರೆ ಹೋಗತ್ತೆ."

"ಮತ್ತೆ?"

"ಪಂಚಾಮೃತ ಹೋಗಲ್ಲ."

ನಾನು ಅವರ ಮುಖವನ್ನೇ ನೋಡಿದೆ.

"ಒಂದು ಲೋಟ ಪೂರ್ತಿ," ಎಂದರು. "ನೀವೆಲ್ಲ ಊಟ ಮಾಡಿ ಮಲಗಿದ್ರಿ. ಜೇನುತುಪ್ಪ ಸ್ವಲ್ಪ ಮುಂದಾಗೇ ಹಾಕಿದ್ದೆ."

ಮೇಲಿನದನ್ನೆಲ್ಲ ಇದಕ್ಕೆ ತಕ್ಕಂತೆ ತಿದ್ದಬಹುದಿತ್ತು. ತಿದ್ದಿಲ್ಲ. ಇಷ್ಟು ವರ್ಷ ಅಪ್ಪನನ್ನು ಮೂರ್ಖರನ್ನಾಗಿ ಮಾಡಿ, ಅತ್ತಿಗೆಯನ್ನು ಅದೃಷ್ಟವಂತೆಯನ್ನಾಗಿ ಮಾಡಿ, ನನ್ನನ್ನು ಎಲ್ಲ ಬಲ್ಲ ಸಾಕ್ಷಿಯನ್ನಾಗಿ ಮಾಡಿಕೊಂಡು ನಾನು ಹೇಳಿದ ಕಥೆ ಹೇಗಿತ್ತೋ ಹಾಗೆಯೇ ಇರಲಿ.

ಮಾರಾಟಗಾರ ದೊಡ್ಡದೊಂದು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹೊತ್ತು ತಂದ. "ಸಾರ್, ಇದು ನೋಡಿ. ಟೇಬಲ್ ಮೇಲೆ ಇಟ್ರೆ ಇಟ್ಟಂಗೆ. ಮೇಡಮ್ಮಿಗೆ ಮನೇಲಿ ಯೂಸ್ ಮಾಡೋಕೆ ಬೆಸ್ಟು." ಅದು ಅಣ್ಣನ ಮಗನ ಆಯ್ಕೆಯೂ ಆಗಿತ್ತು. ಹಿರಿಯ ವಕೀಲರು ಹೋದ ಮೇಲೆ ಅವರ ಮಗಳು ಆ ಆಫೀಸು ನಡೆಸುತ್ತಾಳೆ. ಅತ್ತಿಗೆ ಈಗಲೂ ಅಲ್ಲಿಗೆ ಹೋಗುತ್ತಾರೆ. ಈ ವಯಸ್ಸಿನಲ್ಲಿ ಓಡಾಟ ಯಾಕೆ, ಮನೆಯಲ್ಲೇ ಕೂತು ಮಾಡಲಿ, ಗಟ್ಟಿಯಾದದ್ದೊಂದು ಕೊಡಿಸಿ ಎಂದು ಅವನೇ ನನ್ನನ್ನು ಜೊತೆಗೆ ಕಳಿಸಿದ್ದ.

"ಅವರನ್ನ ಕೇಳಿ," ಎಂದು ಪಕ್ಕಕ್ಕೆ ಸರಿದು ನಿಂತೆ. ಆತನಿಗೆ ಕೊಂಚ ಗಲಿಬಿಲಿಯಾಯಿತು.

ಅತ್ತಿಗೆ ತಮ್ಮ ಹೆಗಲ ಚೀಲದಿಂದ ಊಟದ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟರು. ಅದರ ಪಕ್ಕಕ್ಕೆ ಒಂದೊಂದೇ ಲ್ಯಾಪ್‌ಟಾಪ್ ಹಿಡಿದು ಅಳೆದರು. ಕೊನೆಗೆ ಬೂದು ಬಣ್ಣದ ಸಣ್ಣದೊಂದನ್ನು ಡಬ್ಬಿಯ ಜೊತೆಗೆ ಚೀಲದೊಳಗಿಳಿಸಿ, ಹೆಗಲಿಗೇರಿಸಿ, ಅಂಗಡಿಯ ಬಾಗಿಲವರೆಗೆ ನಡೆದು, ತಿರುಗಿ ಬಂದರು.

"ಇದು ಕೊಡಪ್ಪ."

"ಮೇಡಂ, ಅದು ಅಷ್ಟೊಂದು ಸ್ಟ್ರಾಂಗ್ ಇಲ್ಲ..."

"ಪರ್ವಾಗಿಲ್ಲ. ಹೆಗಲಿಗೆ ಹಗುರ ಇದೆ."

ಬಿಲ್ ಆಗಿ ಹೊರಗೆ ಬರುವಷ್ಟರಲ್ಲಿ ಅಣ್ಣನ ಮಗನ ಫೋನು. "ಚಿಕ್ಕಪ್ಪ, ಗಟ್ಟಿಯಾಗಿರೋದೇ ತಗೊಂಡ್ರಿ ತಾನೇ? ಆಟೋ ಮಾಡ್ಕೊಂಡು ಅಮ್ಮನ್ನ ಹುಷಾರಾಗಿ ಮನೆಗೆ ಕರ್ಕೊಂಡ್ಬನ್ನಿ."

ಆಟೋ ಕೇಳೋಣವೆಂದು ತಿರುಗಿದರೆ ಪಕ್ಕದಲ್ಲಿ ಯಾರೂ ಇಲ್ಲ. ಅತ್ತಿಗೆ ಆಗಲೇ ರಸ್ತೆ ದಾಟಿ, ಹೊಸ ಭಾರಕ್ಕೆ ಒಂದು ಹೆಗಲನ್ನು ತುಸು ಮೇಲೆತ್ತಿಕೊಂಡು, ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುತ್ತಿದ್ದರು. ಮನೆಯ ದಿಕ್ಕಿನ ಪ್ಲಾಟ್‌ಫಾರ್ಮೋ, ಆಚೆ ದಿಕ್ಕಿನದೋ, ನನಗೆ ಕಾಣಲಿಲ್ಲ.

"ಚಿಕ್ಕಪ್ಪ? ಕೇಳಿಸ್ತಾ ಇದ್ಯಾ?"

"ಕೇಳಿಸ್ತಿದೆ," ಎಂದೆ. "ನಿಮ್ಮಮ್ಮ ಹೊರಗೆ ಹೋಗಿದಾರೆ ಕಣೋ. ಬಂದ್ಮೇಲೆ ಅವ್ರನ್ನೇ ಕೇಳು."